ಮೇಲೆ ಗಟ್ಟಿ ಮುರಕಲ್ಲು, ಆದರೂ ದರೆ ಜರಿಯುವುದು ಯಾಕೆ?

ದರೆಬದಿ_ಮನೆ: ಮಣಿಪಾಲದ ಹತ್ತಿರ ಮನೆ ಹಿಂದೆ 6 ಮೀಟರ್ ಎತ್ತರದ ದರೆ (ಗುಡ್ಡ ಕಡಿದ ನೆಟ್ಟಗಿನ ಅಂಚು). ಮೇಲಿನ 2 ಮೀಟರ್ ಮುರಕಲ್ಲು (ಲ್ಯಾಟರೈಟ್), ಅದರಡಿ ಬಿಳಿ-ಗುಲಾಬಿ ಶೇಡಿ ಮಣ್ಣು. ಬೇಸಿಗೆಯಲ್ಲಿ ಗೋಡೆ ಹಾಗೆ ನೆಟ್ಟಗೆ ನಿಲ್ಲುತ್ತದೆ, ಆಟಿಯಲ್ಲಿ (ಜುಲೈ-ಆಗಸ್ಟ್ ಮಳೆಯಲ್ಲಿ) ಒರತೆ ಶುರು. ತಡೆಗೋಡೆ ಕಟ್ಟಿದರೆ ಸಾಕಾ?

ಶಿಲಾಪದರ: ಮುರಕಲ್ಲೂ ಶೇಡಿಯೂ ಒಂದೇ ಬಂಡೆಯಿಂದ ಬಂದದ್ದು. ನಮ್ಮ ಸೆಕೆ, ಮಳೆಗೆ ನೈಸ್ ಎಂಬ ಶಿಲೆಯ ಫೆಲ್ಡ್‌ಸ್ಪಾರ್ ಖನಿಜ ಕೊಳೆತು ಕೆಯೊಲಿನ್ ಜೇಡಿಯಾಗುತ್ತದೆ, ಅದೇ ಶೇಡಿ. ಸಿಲಿಕಾ ತೊಳೆದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿದು ಗಟ್ಟಿಯಾದದ್ದು ಮುರಕಲ್ಲು. ಅದರ ತುಂಬ ತೂತು, ನೀರು ಸಲೀಸಾಗಿ ಇಳಿಯುತ್ತದೆ. ಶೇಡಿಯಲ್ಲಿ ಅಷ್ಟು ಬೇಗ ಇಳಿಯುವುದಿಲ್ಲ. ಹಾಗಾಗಿ ಎರಡೂ ಸೇರುವಲ್ಲಿ ನೀರು ನಿಂತು ಒತ್ತಡ ಏರುತ್ತದೆ, ಮಣ್ಣಿನ ಹಿಡಿತ ತಪ್ಪುತ್ತದೆ. ಒರತೆಯ ಜೊತೆ ನುಣ್ಣನೆ ಮಣ್ಣು ಹೊರಬಂದು ಒಳಗೆ ಪೊಳ್ಳಾದರೆ ಮೇಲಿನ ಮುರಕಲ್ಲು ಆಧಾರವಿಲ್ಲದೆ ತುಂಡು ತುಂಡಾಗಿ ಬೀಳುತ್ತದೆ.

ಹಳೇ ಬಂಡೆಯ ಬಿರುಕುಗಳೂ ಜೇಡಿಯಲ್ಲಿ ಹಾಗೇ ಉಳಿದಿರುತ್ತವೆ. ಅವು ನಿಮ್ಮ ಅಂಗಳದ ಕಡೆ ವಾಲಿದ್ದರೆ ಅಪಾಯ ಹೆಚ್ಚು.

ಒಣಗಿದ ಶೇಡಿಯ ಹೆಂಟೆಯೊಂದನ್ನು ನೀರಿನ ಬಾಲ್ದಿಗೆ ಹಾಕಿ ನೋಡಿ. ಸ್ವಲ್ಪ ಹೊತ್ತಿನಲ್ಲೇ ಕರಗಿ ಕುಸಿದರೆ ಬೇಸಿಗೆಯ ಗಟ್ಟಿತನವನ್ನು ನಂಬಬೇಡಿ.

ಕರಾವಳಿ_ಸಿವಿಲ್: ಗೋಡೆ ಮಾತ್ರ ಸಾಲದು ಮಾರಾಯ್ರೆ. 3 ಮೀಟರ್ ಗೋಡೆಯ ಹಿಂದೆ ನೀರು ತುಂಬಿದರೆ ನೀರಿನದ್ದೇ ಒತ್ತು ಪ್ರತಿ ಮೀಟರ್ ಉದ್ದಕ್ಕೆ ಸುಮಾರು 4.5 ಟನ್, ಮಣ್ಣಿನದ್ದು ಬೇರೆ. ಮೊದಲು ನೀರಿಗೆ ದಾರಿ ಮಾಡಿ.

ದರೆಯ ಅಂಚಿನಿಂದ 2–3 ಮೀಟರ್ ಹಿಂದೆ ಕಾಂಕ್ರೀಟ್ ಕಣಿ (ಚರಂಡಿ) ಮಾಡಿ ನೀರನ್ನು ತೋಡಿಗೆ (ಹಳ್ಳಕ್ಕೆ) ಬಿಡಿ. ಬರೀ ಮಣ್ಣಿನ ಕಣಿ ತೋಡಿದರೆ ನೀರನ್ನು ನೀವೇ ಒಳಗೆ ಇಳಿಸಿದ ಹಾಗೆ. ಮೇಲಿನ ಜಾಗದಲ್ಲಿ ಇಂಗುಗುಂಡಿ, ಶೌಚದ ಗುಂಡಿ ಬೇಡವೇ ಬೇಡ. ಜಾಗವಿದ್ದರೆ ಶೇಡಿಯ ಭಾಗವನ್ನು 1 ಮೀಟರ್ ಏರಿಗೆ 1ರಿಂದ 1.5 ಮೀಟರ್ ಅಡ್ಡ ಬರುವಂತೆ ಓರೆ ಮಾಡಿ, ಪ್ರತಿ 3 ಮೀಟರಿಗೆ 1.5 ಮೀಟರ್ ಅಗಲದ ಮೆಟ್ಟಿಲು ಬಿಡಿ. ಅಗೆತ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಯಲಿ.

ಗೋಡೆ ಕಟ್ಟುವುದಾದರೆ ಹಿಂದಿನ ನೀರು ಹೊರಬರಲು 75 ಎಂಎಂ ಪೈಪನ್ನು 1.5 ಮೀಟರಿಗೊಂದರಂತೆ ಹೊರಕ್ಕೆ ತುಸು ಇಳಿಜಾರಾಗಿ ಇಡಿ. ಹಿಂದೆ 300 ಎಂಎಂ ದಪ್ಪ 20 ಎಂಎಂ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ). ಈ ಬಟ್ಟೆಗೇ ಹೆಚ್ಚಿನವರು ದುಡ್ಡು ಉಳಿಸುವುದು. ಆಮೇಲೆ ಶೇಡಿ ಜಲ್ಲಿಗೆ ನುಗ್ಗಿ ಪೈಪ್ ಕಟ್ಟುತ್ತದೆ.

ದರೆಬದಿ_ಮನೆ: ಲಾವಂಚ ನೆಟ್ಟರೆ?

ಶಿಲಾಪದರ: ಓರೆ ಮಾಡಿದ ಮೇಲೆ ನೆಡಿ, ಮೇಲ್ಮೈ ಕೊಚ್ಚಿಹೋಗುವುದು ನಿಲ್ಲುತ್ತದೆ. ಬೇರು ಚೆನ್ನಾಗಿ ಇಳಿದರೂ 2–3 ಮೀಟರ್. ಅದಕ್ಕಿಂತ ಆಳದಲ್ಲಿ ಜಾರುವ ಮಣ್ಣನ್ನು ಅದು ಹಿಡಿಯಲಾರದು.

ಕರಾವಳಿ_ಸಿವಿಲ್: ಈ ಮಳೆಗಾಲಕ್ಕೆ ಸದ್ಯ ಮೇಲ್ಭಾಗಕ್ಕೆ ತಾರ್ಪಾಲು ಹೊದೆಸಿ, ಬುಡದ ಮಣ್ಣು ಮುಟ್ಟಬೇಡಿ. ತಿಳಿ ಒರತೆ ಹಾಲಿನ ಹಾಗೆ ಬೆಳ್ಳಗಾದರೆ, ಹರಿಯುತ್ತಿದ್ದದ್ದು ಜೋರು ಮಳೆಯಲ್ಲೇ ನಿಂತುಬಿಟ್ಟರೆ, ಅಥವಾ ಮೇಲೆ ಹೊಸ ಬಿರುಕು ಕಂಡರೆ ಹಿಂದಿನ ಕೋಣೆಯಲ್ಲಿ ಯಾರೂ ಮಲಗಬೇಡಿ.