ಗಾಳಿತಡೆಯೋ, ಗಾಳಿಜಗ್ಗೋ? ಟೈಂ ಟ್ರಯಲ್ ಹೆಲ್ಮೆಟ್ಟಿನ ಬಾಲದ ಕುರಿತು

ಮಾನ್ಯರೇ,

ವಿಜಯಪುರ, ಬಾಗಲಕೋಟೆ ಕಡೆಯ ಎಳೆಯ ಸೈಕಲ್ ಪಟುಗಳಿಗಾಗಿ ಟೈಂ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದೊಡನೆ ಸ್ಪರ್ಧಿಸುವ ಓಟ) ಕುರಿತು ಕಿರುಹೊತ್ತಿಗೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಹೆಲ್ಮೆಟ್ಟಿನ ಆಕಾರವನ್ನು ವಿವರಿಸುವಲ್ಲಿ ‘ಡ್ರ್ಯಾಗ್’, ಅಂದರೆ ಮುಂದೆ ಸಾಗುವವರನ್ನು ಗಾಳಿ ಹಿಂದಕ್ಕೆ ಹಿಡಿಯುವ ಬಲ, ಎಂಬುದಕ್ಕೆ ತಕ್ಕ ಪದ ಬೇಕಾಗಿದೆ.

‘ಗಾಳಿತಡೆ’, ‘ವಾಯುಪ್ರತಿರೋಧ’ ಎಂಬವು ತಪ್ಪಲ್ಲ. ಆದರೆ ಗಾಳಿ ಎದುರಿನಿಂದ ಬಂದು ಎದೆಗೊತ್ತುವ ಚಿತ್ರವನ್ನಷ್ಟೇ ಅವು ಮೂಡಿಸುತ್ತವೆ. ಹಾಗಿದ್ದರೆ ಹೆಲ್ಮೆಟ್ಟಿನ ಮುಂಭಾಗ ನುಣುಪಾಗಿದ್ದರೆ ಸಾಕಲ್ಲ, ಹಿಂದೆ ಚೂಪಾದ ಬಾಲವೇಕೆ ಎಂದು ಹುಡುಗರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. ದುಂಡು ತಲೆಯನ್ನು ಬಳಸಿ ಬಂದ ಗಾಳಿ ಹಿಂಬದಿಯ ತಿರುವಿಗೆ ಅಂಟಿಕೊಂಡು ಸಾಗಲಾರದೆ ಬೇರ್ಪಟ್ಟು, ಮಳೆಗಾಲದ ಘಟಪ್ರಭೆಯಲ್ಲಿ ಸೇತುವೆಯ ಕಂಬದ ಹಿಂದೆ ನೀರು ತಿರುಗುವಂತೆ ಸುಳಿಗಟ್ಟುತ್ತದೆ. ಅಲ್ಲಿ ಒತ್ತಡ ಕುಸಿಯುತ್ತದೆ. ಮುಂದಿನ ಹೆಚ್ಚು ಒತ್ತಡಕ್ಕೂ ಹಿಂದಿನ ಕಡಿಮೆ ಒತ್ತಡಕ್ಕೂ ಇರುವ ಅಂತರವೇ ಸವಾರನನ್ನು ಹಿಂದಕ್ಕೆಳೆಯುತ್ತದೆ. ಬಾಲವು ಗಾಳಿಯನ್ನು ಬೆನ್ನಿನವರೆಗೆ ಕರೆದೊಯ್ದು ಆ ಸುಳಿಯನ್ನು ಕಿರಿದಾಗಿಸುತ್ತದೆ. ಸವಾರ ದಣಿದು ತಲೆ ತಗ್ಗಿಸಿದರೆ ಮಾತ್ರ ಅದೇ ಬಾಲ ಮೇಲೆದ್ದು ಗಾಳಿಗೆ ಅಡ್ಡವಾಗುತ್ತದೆ; ಈಚಿನ ಹಲವು ಹೆಲ್ಮೆಟ್ಟುಗಳ ಬಾಲ ಮೊಟಕಾಗಿರಲು ಇದೂ ಒಂದು ಕಾರಣ.

ಗಾಳಿಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 40 ಕಿ.ಮೀ. ವೇಗದಿಂದ 50ಕ್ಕೆ ಹೋಗಲು ಅದು ಹೆಚ್ಚುಕಡಿಮೆ ಇಮ್ಮಡಿಯಾಗಬೇಕು. 1989ರಲ್ಲಿ, ಹಲವು ದಿನಗಳ ಸೈಕಲ್ ಪಂದ್ಯವಾದ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ, 24.5 ಕಿ.ಮೀ. ಟೈಂ ಟ್ರಯಲ್‌ಗೆ ಮುನ್ನ 50 ಸೆಕೆಂಡು ಹಿಂದಿದ್ದ ಗ್ರೆಗ್ ಲೆಮಾಂಡ್ ಬಾಲವುಳ್ಳ ಹೆಲ್ಮೆಟ್ ತೊಟ್ಟು, ಮುಂಚಾಚಿದ ಹ್ಯಾಂಡಲ್ ಹಿಡಿದು ಓಡಿಸಿ, ಬರಿದಲೆಯ ಲಾರೆಂಟ್ ಫಿನ್ಯೋನ್ ಅವರನ್ನು ಒಟ್ಟಾರೆ 8 ಸೆಕೆಂಡುಗಳಿಂದ ಸೋಲಿಸಿದರು. ಅದಕ್ಕೆ ಹೆಲ್ಮೆಟ್ ಒಂದೇ ಕಾರಣವೆನ್ನಲಾಗದು. ಆ ಹ್ಯಾಂಡಲ್ ಮೈಯನ್ನೇ ಕಿರಿದಾಗಿಸುತ್ತದೆ.

‘ಗಾಳಿ ಹಿಂದಿಂದ ಜಗ್ಗತೈತ್ರಿ’ ಎಂದು ನಮ್ಮ ಕಡೆಯ ಹುಡುಗರು ಹೇಳುವ ಮಾತೇ ನನಗೆ ಭೌತವಿಜ್ಞಾನಕ್ಕೆ ಹೆಚ್ಚು ಹತ್ತಿರವೆನಿಸುತ್ತದೆ. ‘ಸೆಳೆತ’ ಎಂದರೆ ಆಕರ್ಷಣೆಯ ಅರ್ಥ ಮುಂದಾಗುತ್ತದೆ. ‘ಎಳೆತ’ ಆಗಬಹುದಾದರೂ ಸಪ್ಪೆ. ಆದ್ದರಿಂದ ‘ಗಾಳಿಜಗ್ಗು’ ಎಂದು ಬರೆಯುವ ಮನಸ್ಸಿದೆ. ಹಗ್ಗಜಗ್ಗಾಟ ಎಲ್ಲೆಡೆ ತಿಳಿದ ಮಾತಾದರೂ, ‘ಯಾವುದಕ್ಕೂ ಜಗ್ಗದ’ ಎನ್ನುವಾಗ ಜಗ್ಗು ಎಂದರೆ ಮಣಿಯುವುದು ಎಂದಾಗುತ್ತದೆ. ಮೈಸೂರು, ಕರಾವಳಿಯ ಓದುಗರಿಗೆ ‘ಗಾಳಿಜಗ್ಗು’ ಎಂದರೆ ಗಾಳಿ ಎಳೆಯುವುದೆಂದು ಹೊಳೆಯುವುದೇ, ಗಾಳಿಗೆ ಬಾಗುವುದೆಂದೇ? ‘ಜಗ್ಗು’ ಹೀಗೆ ನಾಮಪದವಾಗಿ ಬಳಕೆಯಾದದ್ದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.