ಬಿಲ್ಡರ್ ಕಡೆಯವರು ನಿನ್ನ ಕಡೆಯವರಲ್ಲ ತಮ್ಮಾ

ತಮ್ಮಾ, ಮನೆಯವರ ಗ್ರೂಪ್‌ನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಡಲ್ಲಾಸ್ ಹತ್ತಿರ ಸೆಲೀನಾದಲ್ಲಿ ಮಾಡೆಲ್ ಹೌಸ್ ನೋಡಿ ಬಂದಿದ್ದೀರಿ, ಇಬ್ಬರಿಗೂ ಇಷ್ಟವಾಗಿದೆ. ಅಲ್ಲಿನ ಸೇಲ್ಸ್‌ನವರು "ನಿಮಗೆ ಬೇರೆ ಏಜೆಂಟ್ ಯಾಕೆ, ಎಲ್ಲಾ ನಾವೇ ನೋಡಿಕೊಳ್ಳುತ್ತೇವೆ" ಅಂದರು ಅಂತ ಬರೆದಿದ್ದೀಯ. ಚಿಕ್ಕಪ್ಪನೂ ಮೈಸೂರಿನಿಂದ "ಬ್ರೋಕರ್ ಇಲ್ಲದಿದ್ದರೆ ಕಮಿಷನ್ ಉಳಿಯುತ್ತದೆ" ಅಂದಿದ್ದಾರೆ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಸಹಿ ಹಾಕುವ ಮೊದಲು ಪೂರ್ತಿ ಕೇಳು.

ಚಿಕ್ಕಪ್ಪಾ, ನೀವು ಹೇಳಿದ್ದು ನಮ್ಮೂರಿಗೆ ಸರಿ. ಅಲ್ಲಿ ಬ್ರೋಕರ್ ಸೈಟ್ ತೋರಿಸಿ, ವ್ಯಾಪಾರ ಕುದುರಿಸಿ, ಎರಡೂ ಕಡೆಯಿಂದ ಕಮಿಷನ್ ತಗೊಳ್ಳುತ್ತಾನೆ. ಕಾಗದಪತ್ರ ನೋಡಲು ನಾವು ನಮ್ಮ ಲಾಯರ್ ಹತ್ತಿರ ಹೋಗುತ್ತೇವೆ. ಇಲ್ಲಿ ಟೆಕ್ಸಾಸ್‌ನಲ್ಲಿ ಮನೆ ಕೊಳ್ಳುವಾಗ ಸಾಮಾನ್ಯವಾಗಿ ಲಾಯರೇ ಇರುವುದಿಲ್ಲ. ಮನೆಯ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿಯೇ ಕ್ಲೋಸಿಂಗ್, ಅಂದರೆ ಕೊನೆಯ ಸಹಿ ಮತ್ತು ಹಣದ ವ್ಯವಹಾರ ಮಾಡಿಸುತ್ತದೆ, ಅದು ಯಾರ ಪರವೂ ಅಲ್ಲ. ಸೇಲ್ಸ್‌ನವರು ಒಳ್ಳೆಯವರೇ ಇರಬಹುದು, ಆದರೆ ಅವರಿಗೆ ಸಂಬಳ ಕೊಡುವುದು ಬಿಲ್ಡರ್. ನಿನ್ನ ಪರ ಮಾತಾಡುವವರು ಯಾರೂ ಇಲ್ಲ ಅಂತಾಯಿತು, ಅಲ್ವಾ?

ಕಮಿಷನ್ ಉಳಿಯುವ ಮಾತು ಹೇಳುತ್ತೇನೆ. ಎಷ್ಟೋ ಬಿಲ್ಡರ್‌ಗಳು ಕೊಳ್ಳುವವರ ಏಜೆಂಟ್‌ಗೆ ಕೊಡುವ ಕಮಿಷನ್ನನ್ನು ಮಾರಾಟದ ಖರ್ಚಿನಲ್ಲೇ ಸೇರಿಸಿರುತ್ತಾರೆ. ಏಜೆಂಟ್ ಇಲ್ಲದೆ ಹೋದರೆ ಆ ದುಡ್ಡು ನಿನ್ನ ಕೈಗೆ ಬರುತ್ತದೆ ಅಂತ ಏನೂ ಇಲ್ಲ. ಕೇಳಿ ನೋಡು, ಬರೆದುಕೊಟ್ಟರೆ ಮಾತ್ರ ನಂಬು.

ರೇಟಿನ ವಿಷಯ ಇನ್ನೂ ಮುಖ್ಯ. ಟೆಕ್ಸಾಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತು ಅಂತ ಸರ್ಕಾರಕ್ಕೆ ತಿಳಿಸಲೇಬೇಕು ಅನ್ನುವ ಕಾನೂನು ಇಲ್ಲ. ಝಿಲೋ ವೆಬ್‌ಸೈಟ್‌ನಲ್ಲಿ ನೀನು ನೋಡುತ್ತಿರುವುದು ಅಂದಾಜು. ನಿಜವಾಗಿ ಎಷ್ಟಕ್ಕೆ ಹೋಯಿತು ಅನ್ನುವುದು ಎಂಎಲ್‌ಎಸ್ ಅನ್ನುವ ಏಜೆಂಟ್‌ಗಳ ಮಾರಾಟದ ಪಟ್ಟಿಯಲ್ಲಿ ಅವರಿಗೆ ಕಾಣುತ್ತದೆ. ಬಿಲ್ಡರ್ ಮಾರಿದ ಮನೆಗಳೆಲ್ಲಾ ಅದರಲ್ಲಿ ಇರುವುದಿಲ್ಲ. ಆದರೂ ಪಕ್ಕದ ಬೀದಿಯಲ್ಲಿ ಎರಡು ವರ್ಷದ ಮನೆ ರೀಸೇಲ್‌ನಲ್ಲಿ ಎಷ್ಟಕ್ಕೆ ಹೋಯಿತು ಅಂತ ಗೊತ್ತಾದರೆ, ಬಿಲ್ಡರ್ ಹತ್ತಿರ ಕೂತು ಮಾತಾಡುವ ಧೈರ್ಯವೇ ಬೇರೆ.

ಆಮೇಲೆ ಮನೆಯ ಟ್ಯಾಕ್ಸ್. ಸೇಲ್ಸ್‌ನವರು ತೋರಿಸಿದ ತಿಂಗಳ ಕಂತಿನಲ್ಲಿ ಟ್ಯಾಕ್ಸ್ ಎಷ್ಟು ಹಿಡಿದಿದ್ದಾರೆ ಅಂತ ಕೇಳಿದೆಯಾ? ಇಲ್ಲಿ ಜನವರಿ 1ಕ್ಕೆ ಜಾಗದಲ್ಲಿ ಏನಿತ್ತೋ ಅದರ ಮೇಲೆ ಆ ವರ್ಷದ ಟ್ಯಾಕ್ಸ್. ಅವತ್ತು ಬರೀ ಖಾಲಿ ಸೈಟ್ ಇದ್ದರೆ ಬಿಲ್ ಸಣ್ಣದು. ಮರುವರ್ಷ ಪೂರ್ತಿ ಮನೆಯ ಮೇಲೆ ಬಂದಾಗ ಕಂತು ಒಮ್ಮೆಲೇ ಏರುತ್ತದೆ. ಜೊತೆಗೆ ಹೊಸ ಲೇಔಟ್‌ಗಳಲ್ಲಿ ಎಂಯುಡಿ ಅಥವಾ ಪಿಐಡಿ ಅಂತ ರಸ್ತೆ, ನೀರು, ಚರಂಡಿಯ ಸಾಲ ತೀರಿಸಲು ಬೇರೆ ಹಣ ಕಟ್ಟಬೇಕಾಗಬಹುದು. 5 ಲಕ್ಷ ಡಾಲರ್ ಮನೆಗೆ ಶೇ. 0.8 ಜಾಸ್ತಿ ಅಂದರೆ ವರ್ಷಕ್ಕೆ 4,000 ಡಾಲರ್. ನಿನ್ನ ಕಡೆಯ ಏಜೆಂಟ್ ಇದನ್ನು ಮೊದಲ ದಿನವೇ ಲೆಕ್ಕ ಹಾಕಿ ತೋರಿಸಬೇಕು.

ನಮ್ಮ ಮನೆ ಕಟ್ಟುವಾಗ ಡ್ರೈವಾಲ್ (ಗೋಡೆ, ಸೀಲಿಂಗ್ ಮುಚ್ಚುವ ಜಿಪ್ಸಮ್ ಹಲಗೆ) ಹೊಡೆಯುವ ಮೊದಲು ನಮ್ಮ ಏಜೆಂಟ್ ಹಟ ಹಿಡಿದು ಹೊರಗಿನ ಇನ್‌ಸ್ಪೆಕ್ಟರನ್ನು ಕರೆಸಿದರು. ಮಹಡಿಯ ಬಾತ್‌ರೂಮ್ ಪೈಪ್ ಹಾಯಿಸಲು ಕೆಳಗೆ ನೆಲವನ್ನು ಹೊರುವ ಜಾಯಿಸ್ಟ್ ಮರವನ್ನು ಅರ್ಧಕ್ಕಿಂತ ಜಾಸ್ತಿ ಕೊರೆದಿದ್ದರು. ಇನ್‌ಸ್ಪೆಕ್ಟರ್ ಟೇಪ್ ಹಿಡಿದು ಫೋಟೋ ತೆಗೆದರು. ಏಜೆಂಟ್ ಅವತ್ತೇ ಬಿಲ್ಡರ್‌ಗೆ ಕಳಿಸಿ, ಪಕ್ಕಕ್ಕೆ ಇನ್ನೊಂದು ಮರ ಕೂಡಿಸುವ ತನಕ ಬಿಡಲಿಲ್ಲ. ಗೋಡೆ, ಸೀಲಿಂಗ್ ಮುಚ್ಚಿದ ಮೇಲೆ ಅದು ಯಾರಿಗೆ ಕಾಣುತ್ತಿತ್ತು? ವಾರಂಟಿಯ ಮೊದಲ ವರ್ಷ ಮುಗಿಯುವ ಮುಂಚೆ, 11ನೇ ತಿಂಗಳಲ್ಲಿ ಇನ್ನೊಮ್ಮೆ ಇನ್‌ಸ್ಪೆಕ್ಷನ್ ಮಾಡಿಸಿ ಅಂತ ನೆನಪಿಸಿದ್ದೂ ಅವರೇ.

ಹಾಗಂತ ಸಿಕ್ಕಿದವರನ್ನು ಹಿಡಿಯಬೇಡ. ಕನ್ನಡದವರು, ಪರಿಚಯದವರು ಅನ್ನುವುದೊಂದೇ ಸಾಲದು. ನೀನು ಮನೆ ಕೊಂಡರೆ ಮಾತ್ರ ಅವರಿಗೂ ದುಡ್ಡು ಬರುವುದು. ಅದಕ್ಕೇ "ಈ ಮನೆ ಬೇಡ ಅಂತ ಯಾರಿಗಾದರೂ ಹೇಳಿದ್ದೀರಾ, ಯಾಕೆ ಹೇಳಿದಿರಿ" ಅಂತ ಕೇಳು. ಹೊಸ ಮನೆಗಳ ಕೆಲಸ ಗೊತ್ತಿರುವವರೇ ಬೇಕು. 2024ರ ಆಗಸ್ಟ್ 17ರಿಂದ ನಿಯಮ ಬದಲಾಗಿದೆ: ಏಜೆಂಟ್ ನಿನಗೆ ಮನೆ ತೋರಿಸುವ ಮೊದಲೇ ಒಪ್ಪಂದಕ್ಕೆ ಸಹಿ ಆಗಬೇಕು, ಅವರ ಫೀ ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಆ ಫೀ ಚೌಕಾಸಿ ಮಾಡಬಹುದು. ಅವಧಿ ಕಡಿಮೆ ಇಟ್ಟುಕೋ. ಬಿಲ್ಡರ್ ಕಡಿಮೆ ಕೊಟ್ಟರೆ ಉಳಿದದ್ದು ನಿನ್ನ ಜೇಬಿನಿಂದಲಾ ಅಂತ ಕೇಳಿ ಬರೆಸಿಕೋ.

ಒಂದು ಅರ್ಜೆಂಟ್ ವಿಷಯ. ಮೊದಲ ಸಲ ಬಂದಾಗಲೇ ಏಜೆಂಟ್ ಹೆಸರು ಕೊಟ್ಟಿರಬೇಕು ಅಂತ ಎಷ್ಟೋ ಬಿಲ್ಡರ್‌ಗಳ ನಿಯಮ ಇರುತ್ತದೆ. ನೀವು ಈಗಾಗಲೇ ಒಂದು ಸಲ ಹೋಗಿ ಬಂದಿದ್ದೀರಿ. ಈಗ ಏಜೆಂಟ್ ಸೇರಿಸಬಹುದಾ ಅಂತ ಇವತ್ತೇ ಅವರಿಗೆ ಈಮೇಲ್ ಹಾಕು, ಫೋನ್‌ನಲ್ಲಿ ಬೇಡ. ಡಿಪಾಸಿಟ್ ಅಂತೂ ಈಗಲೇ ಕಟ್ಟಬೇಡ. ರೀಸೇಲ್ ಮನೆಗಳಲ್ಲಿ ಸಿಗುವ ಆಪ್ಷನ್ ಪೀರಿಯಡ್ (ಕೆಲವು ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯುವ ಅವಕಾಶ) ಬಿಲ್ಡರ್‌ನ ಸ್ವಂತ ಕಾಂಟ್ರಾಕ್ಟ್‌ನಲ್ಲಿ ಹೆಚ್ಚಾಗಿ ಇರುವುದಿಲ್ಲ, ಮನಸ್ಸು ಬದಲಾದರೆ ದುಡ್ಡು ವಾಪಸ್ ಬರದೇ ಹೋಗಬಹುದು. ಕಾಂಟ್ರಾಕ್ಟ್ ಕಳಿಸಿದ್ದರೆ ನನಗೆ ಬೇರೆಯಾಗಿ ಹಾಕು, ರಾತ್ರಿ ಮಕ್ಕಳು ಮಲಗಿದ ಮೇಲೆ ಇಬ್ಬರೂ ಕೂತು ಓದೋಣ.