ಅಪ್‌ಡೇಟ್: ಹಸ್ತಾಂತರವಾಗದ ಲೇಔಟ್‌ನ ಮನೆ ಮಾರಾಟವಾಯಿತು

ಸುರತ್ಕಲ್ ಹತ್ತಿರದ ನಮ್ಮ ಲೇಔಟ್‌ನಲ್ಲಿ ರಸ್ತೆ, ಚರಂಡಿ ಅರ್ಧಕ್ಕೇ ನಿಂತಿವೆ, ಪಾಲಿಕೆಗೆ ಹಸ್ತಾಂತರವೂ ಆಗಿಲ್ಲ, ಮನೆ ಮಾರುವುದು ಹೇಗೆ ಅಂತ ಕೇಳಿದ್ದೆ ಅಲ್ವಾ. ಮಾರಾಟವಾಯಿತು.

ರಸ್ತೆಗಿಂತ ಇ-ಖಾತಾದ್ದೇ (ಆಸ್ತಿಯ ಡಿಜಿಟಲ್ ಖಾತಾ ದಾಖಲೆ) ದೊಡ್ಡ ಪ್ರಶ್ನೆ. ಅದಿಲ್ಲದೆ ಈಗ ನೋಂದಣಿ ಆಗುವುದಿಲ್ಲ. ನಮ್ಮದು ಇತ್ತು. ಆದರೆ ಕೊಳ್ಳುವವರ ಬ್ಯಾಂಕಿನ ವಕೀಲರು ಮುಡಾ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ನಕ್ಷೆ, ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ), ಹಳೇ ಕ್ರಯಪತ್ರ ಎಲ್ಲ ತರಿಸಿಕೊಂಡು, ಮನೆವರೆಗಿನ ದಾರಿಯಲ್ಲಿ ಓಡಾಡುವ ಹಕ್ಕನ್ನು ಆ ಪತ್ರಗಳಲ್ಲಿ ಬರೆದಿದೆಯಾ ಅಂತ ಒಂದೊಂದೇ ಸಾಲು ಓದಿದರು. ಹಸ್ತಾಂತರ ಆಗಿಲ್ಲ ಎಂಬುದನ್ನು ಕರಾರಿನಲ್ಲೇ ಬರೆಸಿದೆವು, ನಾಳೆ ಸುಮ್ನೆ ಜಗಳ ಬೇಡ ಅಂತ. ಬೆಲೆ ಸ್ವಲ್ಪ ಇಳಿಸಬೇಕಾಯಿತು. ಮಳೆಗಾಲದಲ್ಲಿ ಆ ರಸ್ತೆ ನೋಡಿದವರು ಚೌಕಾಸಿ ಮಾಡದೆ ಬಿಡುತ್ತಾರಾ! ಬಿಲ್ಡರ್ ಈಗಲೂ ಬರುವ ತಿಂಗಳು ಡಾಂಬರು ಹಾಕುತ್ತೇವೆ ಅನ್ನುತ್ತಿದ್ದಾರೆ.